ಅಪ್ಪಾಜಿಗೆ ರಾತ್ರಿ ನಿದ್ದೆ ಇಲ್ಲ: ಅಶ್ವಗಂಧ, ಜಾಜಿಕಾಯಿ ಕೊಡಬಹುದಾ?

ಬೆಟಗೇರಿ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪಾಜಿ ವಿಷಯ ಕೇಳಬೇಕಿತ್ತು. ವಯಸ್ಸು 68, ಕನ್ನಡ ಶಾಲೆ ಮಾಸ್ತರರಾಗಿ ರಿಟೈರ್ ಆದವರು. ಅವ್ವ ಹೋದ ಮೇಲೆ ಬೆಟಗೇರಿ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಹುಬ್ಬಳ್ಳಿಯಲ್ಲಿ ಗಂಡನ ಮನೆಯಲ್ಲಿ, ರಜೆ ಸಿಕ್ಕಾಗ ಹೋಗಿ ಬರುತ್ತೇನೆ. ರಾತ್ರಿ 9ಕ್ಕೆ ಮಲಗುತ್ತಾರೆ, 2 ಗಂಟೆಗೆ ಎಚ್ಚರ ಆಗುತ್ತದೆ, ಆಮೇಲೆ ಬೆಳಕು ಹರಿಯುವ ತನಕ ಪಡಸಾಲೆಯಲ್ಲಿ ಅಡ್ಡಾಡುತ್ತಾ ಇರುತ್ತಾರೆ. ಬಿಪಿ, ಶುಗರ್ ಎರಡಕ್ಕೂ ಗುಳಿಗೆ ನಡೆದಿದೆ.

ಈಗ ಹೊಸ ಚಿಂತೆ ಏನಂದ್ರೆ, ಸಂತೆಯಲ್ಲಿ ಗಿಡಮೂಲಿಕೆ ಮಾರುವವನ ಹತ್ತಿರ ಒಂದು ಪುಡಿ ತಂದಿದ್ದಾರೆ. ಹೆಸರಿಲ್ಲ, ಚೀಟಿ ಇಲ್ಲ, ಬರೀ ಪ್ಲಾಸ್ಟಿಕ್ ಪಾಕೀಟು. ಅದನ್ನು ತಗೊಂಡ ದಿನ ಗಡದ್ದಾಗಿ ಮಲಗುತ್ತಾರೆ ನಿಜ, ಆದರೆ ಬೆಳಗ್ಗೆ 10ರ ತನಕ ಮಂಪರು ಇಳಿಯುವುದಿಲ್ಲ. ಮೊನ್ನೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ನಡೆದರು. ಕೇಳಿದರೆ "ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಬಿಡವ್ವ" ಅನ್ನುತ್ತಾರೆ. ನಿದ್ದೆ ಗುಳಿಗೆ ಅಂದ್ರೆ ಅವರಿಗೆ ಭಯ, ಚಟ ಹತ್ತುತ್ತದೆ ಅಂತ. ಹಾಗಾಗಿ ಮನೆಯಲ್ಲೇ ಮಾಡುವ ಔಷಧಿ ಹುಡುಕುತ್ತಿದ್ದೇನೆ. ಅಶ್ವಗಂಧ, ಜಟಾಮಾಂಸಿ, ಜಾಜಿಕಾಯಿ, ಗಸಗಸೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗುಣ ಕಂಡಿದ್ದರೆ ತಿಳಿಸಿ.

ಮಾಳಮಡ್ಡಿ ಅಜ್ಜಿ

ಮಗಳೇ, ನಮ್ಮ ಮನೆಯಲ್ಲಿ ನಮ್ಮತ್ತೆ ಕಾಲದಿಂದ ನಡೆದು ಬಂದಿದ್ದು ಹೇಳುತ್ತೇನೆ. ಸಾಣೆಕಲ್ಲಿನ ಮೇಲೆ ಎರಡು ಹನಿ ಹಾಲು ಹಾಕು. ಜಾಜಿಕಾಯಿ ಇಟ್ಟು ನಾಲ್ಕೈದು ಸುತ್ತು ತೇಯಿ, ಜಾಸ್ತಿ ಬೇಡ. ಕಲ್ಲಿನ ಮೇಲೆ ತೆಳ್ಳಗೆ ಗಂಧದ ಹಾಗೆ ಕಂದು ಬಣ್ಣದ ಲೇಪ ಬರುತ್ತದಲ್ಲ, ಅಷ್ಟೇ ಸಾಕು. ಅದನ್ನು ಬೆರಳಲ್ಲಿ ಬಳಿದು ಬೆಚ್ಚಗಿನ ಹಾಲಿಗೆ ಹಾಕಿ ಕುಡಿಸು. ಸಕ್ಕರೆ ಹಾಕಬೇಡ, ಶುಗರ್ ಇದೆ ಅಂದಿದ್ದೀಯ.

ಆಮೇಲೆ ಅಂಗಾಲಿಗೆ ಎಣ್ಣೆ. ಎಳ್ಳೆಣ್ಣೆಯನ್ನು ಬಟ್ಟಲಲ್ಲಿ ಹಾಕಿ ಬಿಸಿನೀರಿನ ಪಾತ್ರೆಯೊಳಗೆ ಇಟ್ಟರೆ ಬೆಚ್ಚಗಾಗುತ್ತದೆ. ಹಿಮ್ಮಡಿಯಿಂದ ಬೆರಳ ಕಡೆ, ಬೆರಳ ಸಂದಿನಲ್ಲೂ, ಹೆಬ್ಬೆರಳಿನಿಂದ ಒತ್ತಿ ತಿಕ್ಕಬೇಕು. ಎರಡೂ ಕಾಲಿಗೆ ಹತ್ತು ನಿಮಿಷ. ಮುಗಿದ ಮೇಲೆ ಹಳೆ ಬಟ್ಟೆಯಿಂದ ಚೆನ್ನಾಗಿ ಒರೆಸಿಬಿಡು, ಎಣ್ಣೆ ಕಾಲಲ್ಲಿ ಎದ್ದು ನಡೆದರೆ ನೆಲದ ಮೇಲೆ ಜಾರುತ್ತದೆ. ಕಾಶಿ ಕಂಚಿನ ಬಟ್ಟಲು ಇದ್ದರೆ ಅದರಿಂದಲೂ ತಿಕ್ಕಬಹುದು, ಇಲ್ಲದಿದ್ದರೆ ಕೈಯೇ ಸಾಕು.

ಒಬ್ಬರೇ ಇರುವವರಿಗೆ ಕಾಲು ತಿಕ್ಕುವವರು ಯಾರು, ಅದೂ ಒಂದು ಪ್ರಶ್ನೆಯೇ. ನೀನು ಹೋದಾಗಲಾದರೂ ಮಾಡು.

ಹಾವೇರಿ ಮೆಡಿಕಲ್

ನಾನು ಹಾವೇರಿಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಅಕ್ಕಾರೆ, ಜಾಜಿಕಾಯಿ ಅಶ್ವಗಂಧ ಎಲ್ಲ ಆಮೇಲೆ ನೋಡೋಣ, ಮೊದಲು ಆ ಪುಡಿ ವಿಷಯ. ಹೆಸರಿಲ್ಲದ ಪುಡಿ ಒಂದೇ ರಾತ್ರಿಯಲ್ಲಿ ಗಡದ್ದಾಗಿ ಮಲಗಿಸಿ, ಮಾರನೇ ದಿನ 10ರ ತನಕ ಮಂಪರು ಇಳಿಯದ ಹಾಗೆ ಮಾಡುತ್ತದೆ ಅಂದ್ರೆ ನನಗೆ ಗಾಬರಿ ಆಗುತ್ತದೆ. ಬೇರು ನಾರುಗಳ ಕೆಲಸ ಸಾಮಾನ್ಯವಾಗಿ ಅಷ್ಟು ಜೋರಾಗಿ ಇರುವುದಿಲ್ಲ. ಇಂಥ ಪುಡಿಗಳಲ್ಲಿ ಇಂಗ್ಲಿಷ್ ಔಷಧಿಯ ನಿದ್ದೆ ಗುಳಿಗೆ ಅರೆದು ಬೆರೆಸಿರುವುದು ಉಂಟು, ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವ ಹಾಗೆ.

ಎಷ್ಟು ದಿನದಿಂದ ತಗೊಳ್ಳುತ್ತಿದ್ದಾರೆ, ದಿನಾ ತಗೊಳ್ಳುತ್ತಾರಾ ಅಥವಾ ಯಾವಾಗಲೋ ಒಮ್ಮೆಯಾ, ಇದನ್ನು ಕೇಳಿ. ಯಾಕಂದ್ರೆ ದಿನಾ ಬಹಳ ಕಾಲ ತಗೊಂಡಿದ್ದು ಅದರಲ್ಲಿ ಆಲ್ಪ್ರಜೋಲಾಂ ಥರದ ನಿದ್ದೆ ಗುಳಿಗೆ ಇದ್ದರೆ, ಒಮ್ಮೆಲೇ ನಿಲ್ಲಿಸಿದಾಗ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಪಾಕೀಟು ಚೆಲ್ಲಬೇಡಿ, ಅದನ್ನೇ ಹಿಡಿದುಕೊಂಡು ಬಿಪಿ ನೋಡುವ ಡಾಕ್ಟರ ಹತ್ತಿರ ಆದಷ್ಟು ಬೇಗ ಹೋಗಿ. ಈ ವಯಸ್ಸಿನಲ್ಲಿ ನಿದ್ದೆಗಿಂತ ದೊಡ್ಡ ಅಪಾಯ ಬೀಳುವುದು, ಸೊಂಟದ ಎಲುಬು ಮುರಿಯುವುದು.

ಅಜ್ಜಿ ಹೇಳಿದ ಜಾಜಿಕಾಯಿ ಅಳತೆ ಸರಿ ಇದೆ. ಆದರೆ ಇಷ್ಟರಿಂದ ಇಷ್ಟು ಗುಣ ಬಂತು, ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆ ಅಂತ ಚಮಚದಲ್ಲಿ ಪುಡಿ ಹಾಕುವವರೂ ಇದ್ದಾರೆ. 5 ಗ್ರಾಂ ದಾಟಿದರೆ ಜಾಜಿಕಾಯಿ ವಿಷ. ಒಂದು ಇಡೀ ಕಾಯಿಯೇ ಅಷ್ಟು ತೂಗಬಹುದು. ಬಾಯಿ ಒಣಗುವುದು, ಎದೆ ಹೊಡೆದುಕೊಳ್ಳುವುದು, ವಾಂತಿ, ಬುದ್ಧಿ ಕಲಸಿದ ಹಾಗಾಗುವುದು, ಇದೆಲ್ಲ ಕೆಲವು ಗಂಟೆ ಬಿಟ್ಟು ಶುರುವಾಗುತ್ತದೆ, ಹಾಗಾಗಿ ಜಾಜಿಕಾಯಿಯಿಂದಲೇ ಆಯಿತು ಅಂತ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಸಪ್ತಾಪುರದ ಹುಡುಗ

ಇದೇ ವಿಷಯದಲ್ಲಿ ನನ್ನದೂ ಒಂದು ಪ್ರಶ್ನೆ. ಪಿಎಸ್ಐ ಪರೀಕ್ಷೆಗೆ ಧಾರವಾಡದಲ್ಲಿ ಖೋಲಿ ಮಾಡಿಕೊಂಡು ಓದುತ್ತಿದ್ದೇನೆ. ರಾತ್ರಿ ಲೈಬ್ರರಿಯಿಂದ ಬಂದು ಮಲಗಿದರೆ 2, 3 ಗಂಟೆ ಆದರೂ ನಿದ್ದೆ ಬರಲ್ಲ, ತಲೆಯಲ್ಲಿ ಸಂವಿಧಾನದ ವಿಧಿಗಳೇ ಓಡುತ್ತಿರುತ್ತವೆ. ಖೋಲಿಯಲ್ಲಿ ಗೆಳೆಯರೆಲ್ಲ ಅಶ್ವಗಂಧದ ಜೆಲ್ಲಿ ಮಿಠಾಯಿ ತರಿಸಿದ್ದಾರೆ ಆನ್‌ಲೈನಲ್ಲಿ. ಓದಿದ್ದು ನೆನಪೂ ಉಳಿಯುತ್ತೆ, ನಿದ್ದೆಯೂ ಬರುತ್ತೆ ಅಂತಾರೆ. ತಗೊಳ್ಳಬಹುದಾ?

ಗದಗ ವೈದ್ಯೆ

ನಾನು ಬಿಎಎಂಎಸ್ ಮಾಡಿ ಗದಗದಲ್ಲೇ ಆಯುರ್ವೇದ ಚಿಕಿತ್ಸೆ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಅಶ್ವಗಂಧ, ಅಂದ್ರೆ ನಮ್ಮ ಕಡೆ ಹಿರೇಮದ್ದಿನ ಗಿಡ ಅಂತಾರಲ್ಲ, ಅದರ ಬೇರು. ಪುಡಿಯಾದರೆ ದಿನಕ್ಕೆ 3ರಿಂದ 6 ಗ್ರಾಂ ಹಾಲಿನ ಜೊತೆ ಕೊಡುವುದು ಪದ್ಧತಿ. ಇದರ ಮೇಲೆ ಈಚೆಗೆ ಪ್ರಯೋಗಗಳೂ ಆಗಿವೆ. 5 ಪ್ರಯೋಗಗಳ, ಒಟ್ಟು 400 ಜನರ ಲೆಕ್ಕ ಒಟ್ಟುಗೂಡಿಸಿ 2021ರಲ್ಲಿ ನೋಡಿದಾಗ ನಿದ್ದೆಗೆ ಸ್ವಲ್ಪ ಪ್ರಯೋಜನ ಇದೆ ಅಂತ ಕಂಡಿತು. ದಿನಕ್ಕೆ 600 ಮಿಲಿಗ್ರಾಂ ಸತ್ವ, 8 ವಾರ ಅಥವಾ ಅದಕ್ಕಿಂತ ಜಾಸ್ತಿ ತಗೊಂಡವರಲ್ಲಿ ಗುಣ ಹೆಚ್ಚು. ಅಂದ್ರೆ ಇದು ಇವತ್ತು ರಾತ್ರಿ ನುಂಗಿ ಇವತ್ತೇ ಮಲಗುವ ಔಷಧಿ ಅಲ್ಲ. ಮೆಲ್ಲಗೆ ಕೆಲಸ ಮಾಡುತ್ತದೆ, ಗುಣವೂ ಮಧ್ಯಮ. ಒತ್ತಡದಿಂದ ನಿದ್ದೆ ಕೆಟ್ಟವರಿಗೆ ನಾನು ಕೊಡುತ್ತೇನೆ, ಕೆಲವರಿಗೆ ಒಳ್ಳೆಯದಾಗಿದೆ.

ಆದರೆ ಎಲ್ಲರಿಗೂ ಅಲ್ಲ. ಇದು ಶುಗರ್ ಇಳಿಸಬಹುದು, ಬಿಪಿಯನ್ನೂ ಇಳಿಸಬಹುದು, ಗುಳಿಗೆ ಮೊದಲೇ ನಡೆದವರಿಗೆ ಎರಡೂ ಸೇರಿ ಅಳತೆ ತಪ್ಪುತ್ತದೆ. ಥೈರಾಯ್ಡ್ ಹಾರ್ಮೋನ್ ಏರಿಸುತ್ತದೆ. ಬಸುರಿಯರಿಗೆ ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳು ದಾಖಲಾಗಿವೆ. ಡೆನ್ಮಾರ್ಕ್ ದೇಶದವರು 2023ರಲ್ಲಿ ಇದನ್ನು ನಿಷೇಧಿಸಿಯೇಬಿಟ್ಟರು. ಅಷ್ಟು ದೂರ ಹೋಗಬೇಕಿತ್ತಾ ಅನ್ನೋದು ಬೇರೆ ಮಾತು, ಆದರೆ ಕಣ್ಣು ಹಳದಿ ಆಯ್ತು, ಮೂತ್ರ ಗಾಢ ಬಣ್ಣ ಆಯ್ತು, ಮೈ ತುರಿಕೆ ಶುರುವಾಯ್ತು ಅಂದ್ರೆ ಅವತ್ತೇ ನಿಲ್ಲಿಸಿ ತೋರಿಸಬೇಕು. ಅಶ್ವಗಂಧಾರಿಷ್ಟ ಬಾಟಲಿ ತರುವವರು ಇನ್ನೊಂದು ತಿಳಿದುಕೊಳ್ಳಿ, ಅರಿಷ್ಟ ಅಂದ್ರೆ ಹುದುಗಿಸಿ ಮಾಡಿದ್ದು. ಅದರಲ್ಲಿ ಆಲ್ಕೋಹಾಲ್ ಇರುತ್ತದೆ, ಸಿಹಿಯೂ ಇರುತ್ತದೆ. ಶುಗರ್ ಇದ್ದವರು ಕೇಳದೆ ಕುಡಿಯಬಾರದು.

ತಮ್ಮಾ, ನಿನಗೆ ಮಿಠಾಯಿ ಬೇಡ. ರಾತ್ರಿ ಎಷ್ಟು ಗಂಟೆಗೆ ಕೊನೆಯ ಚಹಾ ಕುಡಿಯುತ್ತೀಯ, ಅದು ಮೊದಲು ಹೇಳು.

ಇನ್ನು ಬೆಟಗೇರಿ ಅಕ್ಕಾರೆ, ನಿಮ್ಮ ಅಪ್ಪಾಜಿ ಬಗ್ಗೆ ನಾಲ್ಕು ಪ್ರಶ್ನೆ. ಮಧ್ಯಾಹ್ನ ಮಲಗುತ್ತಾರಾ, ಎಷ್ಟು ಹೊತ್ತು? ರಾತ್ರಿ ಮೂತ್ರಕ್ಕೆ ಏಳುತ್ತಾರಾ? ಬಿಪಿ ಗುಳಿಗೆಯಲ್ಲಿ ನೀರು ಇಳಿಸುವ ಗುಳಿಗೆ ಇದೆಯಾ, ಅದನ್ನು ಯಾವಾಗ ತಗೊಳ್ಳುತ್ತಾರೆ? ಗೊರಕೆ ಹೊಡೆಯುತ್ತಾರಾ? ಇವು ಗೊತ್ತಾಗದೆ ನಾನು ಯಾವ ಬೇರಿನ ಹೆಸರೂ ಹೇಳುವುದಿಲ್ಲ.

ಸಪ್ತಾಪುರದ ಹುಡುಗ

ರಾತ್ರಿ 11ಕ್ಕೆ ಮೇಡಂ. ಲೈಬ್ರರಿ ಮುಚ್ಚಿದ ಮೇಲೆ ಗೆಳೆಯರ ಜೊತೆ ಒಂದು ಚಹಾ, ಅದಕ್ಕೂ ಮೊದಲು 7ಕ್ಕೆ ಒಂದು, 9ಕ್ಕೆ ಒಂದು.

ಹಾವೇರಿ ಮೆಡಿಕಲ್

ತಮ್ಮಾ, ಚಹಾದ ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. 7, 9, 11 ಮೂರೂ ಒಂದರ ಮೇಲೊಂದು ಕೂಡಿಕೊಂಡು ನೀನು ಮಲಗುವ ಹೊತ್ತಿಗೆ ಮೈಯಲ್ಲೇ ಇರುತ್ತವೆ. ಬಂದ್ ಮಾಡು ಅಂದ್ರೆ ಗೆಳೆಯರ ಜೊತೆ ನಿಲ್ಲುವುದೂ ಬಂದ್ ಆಗುತ್ತದೆ ಅಂತ ನನಗೂ ಗೊತ್ತು. ಗೆಳೆಯರ ಜೊತೆ ನಿಲ್ಲು, ಆದರೆ ಮಧ್ಯಾಹ್ನ 3ರ ನಂತರ ಚಹಾ ಬದಲು ಬಿಸಿ ಹಾಲು, ಇಲ್ಲ ಖೋಲಿಯಲ್ಲಿ ಜೀರಿಗೆ ಕೊತ್ತಂಬರಿ ಬೀಜ ಹುರಿದು ಪುಡಿ ಮಾಡಿಟ್ಟುಕೊಂಡು ಕಷಾಯ. ಅದರಲ್ಲಿ ಕೆಫೀನ್ ಇಲ್ಲ. ಗ್ರೀನ್ ಟೀ ಕುಡಿಯುತ್ತೇನೆ ಅನ್ನಬೇಡ, ಅದರಲ್ಲೂ ಇದೆ.

ಮುಂಡರಗಿ ರೈತ

ಅಶ್ವಗಂಧ ನಾವು ಬೆಳೆದಿದ್ದೇವೆ, ಅದಕ್ಕೆ ನಾಲ್ಕು ಮಾತು. ಮಳೆಗಾಲದಲ್ಲಿ ಬಿತ್ತಿದರೆ ಐದಾರು ತಿಂಗಳಿಗೆ ಬೇರು ಕೀಳಬಹುದು. ನೀರು ನಿಲ್ಲುವ ಹೊಲ ಆಗುವುದಿಲ್ಲ, ಬೇರು ಕೊಳೆಯುತ್ತದೆ. ಎಲೆ ಒಣಗಿ ಕಾಯಿ ಕೆಂಪಾದ ಮೇಲೆ ಗಿಡ ಬುಡಸಹಿತ ಕಿತ್ತು, ಬೇರು ಕತ್ತರಿಸಿ, ಮಣ್ಣು ಬಡಿದು, ನೆರಳಲ್ಲಿ ಒಣಗಿಸುತ್ತೇವೆ. ಒಳ್ಳೆ ಬೇರು ಮುರಿದರೆ ಟಕ್ ಅಂತ ಮುರಿಯುತ್ತದೆ, ಒಳಗೆ ಬೆಳ್ಳಗೆ ಹಿಟ್ಟು ಹಿಟ್ಟಾಗಿ ಇರುತ್ತದೆ. ಮೂಸಿದರೆ ಕುದುರೆ ಲಾಯದ ವಾಸನೆ. ನಾರು ನಾರಾಗಿ ಬಗ್ಗಿದರೆ ಬಲಿತು ಹೋಗಿದೆ ಅಂತ ಅರ್ಥ, ಅದಕ್ಕೆ ದರವೂ ಕಮ್ಮಿ. ದೊಡ್ಡ ಮಾರುಕಟ್ಟೆ ಮಧ್ಯಪ್ರದೇಶದ ನೀಮಚ್‌ನಲ್ಲಿದೆ.

ಗ್ರಂಥಿಗೆ ಅಂಗಡಿಯಲ್ಲಿ ಪುಡಿ ತಗೊಳ್ಳಬೇಡಿ, ಬೇರು ತಗೊಂಡು ಮನೆಯಲ್ಲಿ ಕುಟ್ಟಿಕೊಳ್ಳಿ. ಪುಡಿ ಆದ ಮೇಲೆ ಅದರಲ್ಲಿ ಎಲೆ ಸೇರಿದೆಯಾ, ಕಾಂಡ ಸೇರಿದೆಯಾ ಯಾರಿಗೆ ಗೊತ್ತಾಗುತ್ತದೆ? ಎಲೆ ಬಳಸಬೇಡಿ, ಬೇರು ಮಾತ್ರ ಬಳಸಿ ಅಂತ ಕಂಪನಿಗಳಿಗೆ ಆಯುಷ್ ಇಲಾಖೆಯವರೇ ತಿಳಿಸಿದ್ದಾರೆ. ಬೆಳೆಯುವ ಆಸೆ ಇದ್ದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿ ವಿಜ್ಞಾನಿಗಳನ್ನೇ ಕೇಳಿ.

ಇನ್ನೊಂದು ಮಾತು, ಇದು ನನಗೆ ಬಹಳ ಬೇಸರದ ವಿಷಯ. ಕಪ್ಪತಗುಡ್ಡಕ್ಕೆ ಹೋಗಿ ಗಿಡ ಕಿತ್ತು ತರುವವರು ಜಾಸ್ತಿ ಆಗಿದ್ದಾರೆ. ಯಾವುದೋ ವಿಡಿಯೋ ನೋಡಿ ಕಾರಲ್ಲಿ ಬರುತ್ತಾರೆ, ಚೀಲ ತುಂಬಿಕೊಂಡು ಹೋಗುತ್ತಾರೆ. 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿ ಗಿಡ ಕೀಳುವುದು ಅಪರಾಧ. ಎಷ್ಟು ಜನ ಹೋರಾಡಿ ಆ ಗುಡ್ಡವನ್ನು ಗಣಿಯಿಂದ ಉಳಿಸಿಕೊಂಡಿದ್ದಾರೆ. ಬೇರು ಕಿತ್ತರೆ ಗಿಡ ಸತ್ತೇ ಹೋಗುತ್ತದೆ, ಎಲೆ ಹರಿದ ಹಾಗಲ್ಲ ಅದು.

ಗದಗ ವೈದ್ಯೆ

ಅಣ್ಣಾರೆ ಹೇಳಿದ್ದು ಸರಿ. ಜಟಾಮಾಂಸಿಗೂ ಇದೇ ಮಾತು. ಅದು ಹಿಮಾಲಯದಲ್ಲಿ 3,000 ಮೀಟರ್ ಮೇಲೆ ಬೆಳೆಯುವ ಗಿಡ, ಕಿತ್ತು ಕಿತ್ತು ಈಗ ಅಳಿವಿನ ಅಂಚಿಗೆ ಬಂದಿದೆ. ಹಾಗಾಗಿ ಅಗ್ಗಕ್ಕೆ ಸಿಗುವ ಜಟಾಮಾಂಸಿ ಪುಡಿ ನಿಜವಾಗಿ ಜಟಾಮಾಂಸಿಯೇ ಅಂತ ನಾನು ನಂಬುವುದಿಲ್ಲ. ತಗರ ಅಂತ ಕೊಡುವುದು ಅದರ ಹತ್ತಿರದ ಸಂಬಂಧಿ, ವಿದೇಶದಲ್ಲಿ ಮಾರುವ ವ್ಯಾಲೇರಿಯನ್ ಕೂಡ ಅದೇ ಬಳಗ. ಆ ವ್ಯಾಲೇರಿಯನ್ ಮೇಲೆ ಸಾಕಷ್ಟು ಪ್ರಯೋಗ ನಡೆದಿದೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲಿ, ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ಒಳ್ಳೆಯದು, ಆಧಾರ ಸಾಲದು ಅಂತ ಸಲಹೆ ಕೊಟ್ಟಿತು.

ಗದ್ದನಕೇರಿ ಓಣಿ ಸೊಸೆ

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗುವಿಗೆ 4 ತಿಂಗಳು. ರಾತ್ರಿ ಮಲಗುವುದಿಲ್ಲ ಅಂತ ನಮ್ಮತ್ತೆ ಜಾಜಿಕಾಯಿ, ಬಜೆ ತೇಯ್ದು ನೆಕ್ಕಿಸೋಣ ಅಂತಾರೆ. ಅವರ ಮಕ್ಕಳಿಗೆಲ್ಲ ಹಾಗೇ ಮಾಡಿದ್ದಾರಂತೆ. ಬೇಡ ಅಂದ್ರೆ ಬೇಜಾರು ಮಾಡಿಕೊಳ್ಳುತ್ತಾರೆ.

ಗದಗ ವೈದ್ಯೆ

ಬೇಡ ತಂಗಿ. 6 ತಿಂಗಳ ತನಕ ತಾಯಿ ಹಾಲು ಬಿಟ್ಟು ಏನೂ ಬೇಡ, ನೀರೂ ಬೇಡ. ದೊಡ್ಡವರಿಗೆ ಸಣ್ಣ ಅಳತೆ ಅನ್ನಿಸುವುದು ಆರು ಕೆಜಿ ಮಗುವಿಗೆ ಸಣ್ಣದಲ್ಲ. 4 ತಿಂಗಳ ಮಗು ರಾತ್ರಿ ಏಳುವುದು ರೋಗ ಅಲ್ಲ, ಹೊಟ್ಟೆ ಸಣ್ಣದು, ಹಸಿವಾಗುತ್ತದೆ. ಅತ್ತೆಯವರಿಗೆ ಡಾಕ್ಟರ್ ಹೇಳಿದ್ದಾರೆ ಅಂತ ನನ್ನ ಮೇಲೆ ಹಾಕಿಬಿಡು. ಅವರಿಗೆ ಮಗುವಿಗೆ ಎಣ್ಣೆ ತಿಕ್ಕಿ ಎರೆಯುವ ಕೆಲಸ ವಹಿಸಿಕೊಡು, ಅದು ಅವರಿಗೇ ಚೆನ್ನಾಗಿ ಬರುವುದು.

ರೈಲ್ವೆ ಅಣ್ಣ

ಹುಬ್ಬಳ್ಳಿ ಜಂಕ್ಷನ್‌ನಲ್ಲಿ ಕೆಲಸ, ಪಾಳಿ ಬದಲಾಗುತ್ತಲೇ ಇರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದರೆ ಹಗಲಲ್ಲಿ ಮಲಗಬೇಕು, ನಿದ್ದೆ ಬರಲ್ಲ. ನನಗೆ ಗುಣ ಕೊಟ್ಟಿದ್ದು ಯಾವ ಬೇರೂ ಅಲ್ಲ, ಕಿಟಕಿಗೆ ಹೊಲಿಸಿದ ದಪ್ಪ ಕಪ್ಪು ಪರದೆ. ಮನೆಗೆ ಬರುವಾಗ ಬಿಸಿಲು ಕಣ್ಣಿಗೆ ಬೀಳದಂತೆ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೇನೆ, ಬಂದವನೇ ಬಿಸಿನೀರಿನ ಜಳಕ, ಒಂದು ರೊಟ್ಟಿ, ಮಲಗುವುದು. ಮನೆಯವರು ಆ ಹೊತ್ತಿನಲ್ಲಿ ಕುಕ್ಕರ್ ಇಡುವುದಿಲ್ಲ. ಅದು ಅವರು ನನಗೆ ಮಾಡುವ ದೊಡ್ಡ ಉಪಕಾರ.

ಆದರೆ ನಮ್ಮ ಜೊತೆಯವರೊಬ್ಬರು ಸರ್ಪಗಂಧದ ಬೇರು ತಗೊಳ್ಳುತ್ತಾರೆ, ಬಿಪಿಯೂ ಇಳಿಯುತ್ತದೆ ನಿದ್ದೆಯೂ ಬರುತ್ತದೆ ಅಂತ. ಅದು ಹೇಗೆ ಮೇಡಂ?

ಗದಗ ವೈದ್ಯೆ

ದಯವಿಟ್ಟು ಅವರಿಗೆ ಹೇಳಿ, ಸುಮ್ನೆ ಮನೆಯಲ್ಲಿ ಕುಟ್ಟಿ ಕುಡಿಯುವ ಬೇರು ಅಲ್ಲ ಅದು. ಸರ್ಪಗಂಧ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. 1931ರಲ್ಲೇ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಇದು ಬಿಪಿ ಇಳಿಸುತ್ತದೆ, ತಲೆ ಕೆಟ್ಟವರನ್ನು ಶಾಂತ ಮಾಡುತ್ತದೆ ಅಂತ ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಅನ್ನುವ ಅಂಶ ಬೇರ್ಪಡಿಸಿದರು, ಜಗತ್ತೆಲ್ಲ ಬಿಪಿ ಔಷಧಿಯಾಗಿ ಬಳಸಿತು. ಆಮೇಲೆ ಬಳಕೆ ಕಮ್ಮಿ ಆಗಿದ್ದಕ್ಕೆ ಕಾರಣ ಅಡ್ಡ ಪರಿಣಾಮ. ಮನಸ್ಸು ಕುಗ್ಗುವುದು, ನಾಡಿ ನಿಧಾನ ಆಗುವುದು, ಮೂಗು ಕಟ್ಟುವುದು, ಹೊಟ್ಟೆಯಲ್ಲಿ ಹುಣ್ಣು. ಬಿಪಿ ಗುಳಿಗೆ ಜೊತೆ ಸೇರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ.

ಬೆಟಗೇರಿ ಅಪ್ಪಾಜಿಯವರ ಪುಡಿಯಲ್ಲಿ ಇದೂ ಇರಬಹುದು, ಅದಕ್ಕೇ ನನಗೂ ಆತಂಕ. ಅವ್ವ ತೀರಿಕೊಂಡು ಒಂಟಿಯಾದವರಿಗೆ ಮನಸ್ಸು ಮೊದಲೇ ಕುಗ್ಗಿರುತ್ತದೆ, ಅಂಥವರಿಗೆ ಇದು ಎಳ್ಳಷ್ಟೂ ಬೇಡ.

ಬೆಟಗೇರಿ ಮಗಳು

ಎಲ್ಲರಿಗೂ ಬಹಳ ಧನ್ಯವಾದ. ಫೋನ್ ಮಾಡಿ ಕೇಳಿದೆ. ಪುಡಿ ದಿನಾ ಅಲ್ಲ, ತೀರಾ ಬೇಸರ ಆದ ದಿನ ಮಾತ್ರ ತಗೊಳ್ಳುತ್ತಾರಂತೆ. ಮಧ್ಯಾಹ್ನ ಊಟ ಆದ ಮೇಲೆ 2ರಿಂದ 4ರ ತನಕ ಮಲಗುತ್ತಾರೆ. ನೀರಿನ ಗುಳಿಗೆ ಇದೆ, ರಾತ್ರಿ ಊಟದ ಜೊತೆ ತಗೊಳ್ಳುತ್ತಾರೆ, ಮೂತ್ರಕ್ಕೆ ಏಳುತ್ತಾರೆ. ಗೊರಕೆ ಮೊದಲಿಂದಲೂ ಇದೆ. ಸಂಜೆ ಕಟ್ಟೆಗೆ ಹೋಗುತ್ತಿದ್ದರು, ಈಗ ಅದೂ ಬಿಟ್ಟಿದ್ದಾರೆ. 9ಕ್ಕೆ ಯಾಕೆ ಮಲಗುತ್ತೀರಿ ಅಂದ್ರೆ "ಎದ್ದು ಕೂತು ಏನು ಮಾಡಲಿ" ಅಂದರು. ನನಗೆ ಉತ್ತರ ಕೊಡಲು ಆಗಲಿಲ್ಲ.

ಗದಗ ವೈದ್ಯೆ

ಅಕ್ಕಾರೆ, ಲೆಕ್ಕ ಹಾಕಿ ನೋಡಿ. ರಾತ್ರಿ 9ರಿಂದ 2, ಐದು ಗಂಟೆ. ಮಧ್ಯಾಹ್ನ 2 ಗಂಟೆ. ಒಟ್ಟು 7. ಅವರ ವಯಸ್ಸಿಗೆ 7 ಗಂಟೆ ಸಾಕಾಗುತ್ತದೆ! ಅವರಿಗೆ ನಿದ್ದೆ ಕಮ್ಮಿ ಆಗಿಲ್ಲ, ನಿದ್ದೆ ತಪ್ಪು ಹೊತ್ತಿಗೆ ಮುಗಿದು ಹೋಗುತ್ತಿದೆ. ಇದಕ್ಕೆ ಯಾವ ಬೇರು ಕೊಟ್ಟರೂ ಮೈ ಕೇಳುವುದಕ್ಕಿಂತ ಜಾಸ್ತಿ ನಿದ್ದೆಯನ್ನು ಬಲವಂತವಾಗಿ ತುರುಕಿದ ಹಾಗೆ, ಅದಕ್ಕೇ ಬೆಳಗ್ಗೆ ಮಂಪರು.

ಹಾಗಾಗಿ ಮಲಗುವ ಹೊತ್ತನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು, 9 ಇದ್ದದ್ದು ಕೆಲವು ದಿನ ಬಿಟ್ಟು 9:30, ಆಮೇಲೆ 10, 10:30. ಬೆಳಗ್ಗೆ ಏಳುವ ಹೊತ್ತು ಮಾತ್ರ ದಿನಾ ಒಂದೇ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಬಾರದು, ಕುರ್ಚಿಯಲ್ಲಿ ಒರಗಿದರೆ ಸಾಕು. ಚರಕ ಸಂಹಿತೆ ಹಗಲು ನಿದ್ದೆಯನ್ನು ಬೇಸಿಗೆಯಲ್ಲಿ ಒಪ್ಪುತ್ತದೆ, ಮುದುಕರಿಗೆ, ಮಕ್ಕಳಿಗೆ, ಸೊರಗಿದವರಿಗೆ ಬೇರೆ ಕಾಲದಲ್ಲೂ ಒಪ್ಪುತ್ತದೆ. ನಾನು ಪೂರ್ತಿ ಬಿಡಿಸುತ್ತಿಲ್ಲ, ಚಿಕ್ಕದು ಮಾಡಿ ಅನ್ನುತ್ತಿದ್ದೇನೆ. 2 ಗಂಟೆಗೆ ಎಚ್ಚರ ಆದರೆ ಹಾಸಿಗೆಯಲ್ಲಿ ಹೊರಳಾಡುವುದು ಬೇಡ. ಎದ್ದು ಸಣ್ಣ ದೀಪದಲ್ಲಿ ಕೂರಲಿ, ನಿದ್ದೆ ತೂಗಿದಾಗ ಮತ್ತೆ ಮಲಗಲಿ. ಗಡಿಯಾರ ಮಾತ್ರ ನೋಡದಿರಲಿ. ಇವೆಲ್ಲ ನಿದ್ರಾಹೀನತೆಗೆ ಕೊಡುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯ ಭಾಗ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಗುಳಿಗೆಗಿಂತ ಮೊದಲು ಇದನ್ನೇ ಕೊಡಿ ಅಂದಿತು. ಫಿಟ್ಸ್ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ನಿದ್ದೆಯ ಹೊತ್ತು ಕತ್ತರಿಸಬಾರದು.

ನೀರಿನ ಗುಳಿಗೆಯನ್ನು ಸಾಮಾನ್ಯವಾಗಿ ಬೆಳಗ್ಗೆ ಕೊಡುತ್ತಾರೆ. ರಾತ್ರಿ ತಗೊಂಡರೆ ಮೂತ್ರವೇ ಎಬ್ಬಿಸುತ್ತದೆ. ನೀವೇ ಬದಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ ಬದಲಿಸಿ. ಶುಗರ್ ಜಾಸ್ತಿ ಇದ್ದರೂ ಮೂತ್ರ ಜಾಸ್ತಿ, ಅದನ್ನೂ ಪರೀಕ್ಷೆ ಮಾಡಿಸಿ. ಗೊರಕೆ ನಡುವೆ ಉಸಿರು ನಿಂತು, ಗಕ್ಕನೆ ಮತ್ತೆ ಎಳೆದುಕೊಳ್ಳುತ್ತಾರಾ ಅಂತ ಒಂದು ರಾತ್ರಿ ಪಕ್ಕದಲ್ಲಿ ಮಲಗಿ ಕೇಳಿಸಿಕೊಳ್ಳಿ. ಹಾಗಿದ್ದರೆ ಅದು ಉಸಿರು ಕಟ್ಟುವ ತೊಂದರೆ. ಅಂಥವರಿಗೆ ಮಂಪರು ಬರಿಸುವ ಯಾವುದೂ ಅಪಾಯ, ಗಂಟಲಿನ ಸ್ನಾಯು ಇನ್ನೂ ಸಡಿಲ ಆಗುತ್ತದೆ.

ಕಟ್ಟೆಗೆ ಹೋಗುವುದು ಬಿಟ್ಟಿದ್ದಾರೆ, ಬೆಳಗಿನ ಜಾವ ಎಚ್ಚರ, ಬೇಸರ. ಇದು ದುಃಖ ಇರಬಹುದು, ಖಿನ್ನತೆಯೂ ಇರಬಹುದು. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಅಲ್ಲಿಗೆ ಹೋಗುವುದು ಅಂದ್ರೆ ಜನ ಏನಂತಾರೋ ಅಂತ ಹಿಂಜರಿದರೆ, ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ.

ಲಕ್ಷ್ಮೇಶ್ವರದವ

ಎಲ್ಲದಕ್ಕೂ ಅಪಾಯ ಅಪಾಯ ಅಂದ್ರೆ ಹೇಗೆ ಮೇಡಂ? ನಮ್ಮ ಹಿರಿಯರು ಇದನ್ನೇ ತಗೊಂಡು ಗಟ್ಟಿಯಾಗಿ ಬದುಕಿದರು. ಇಂಗ್ಲಿಷ್ ಔಷಧಿ ನಿದ್ದೆ ಗುಳಿಗೆ ತಗೊಂಡು ಬಿಡಲಾರದೆ ಒದ್ದಾಡುವವರನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ನೀವೇ ಆಯುರ್ವೇದದವರು, ನೀವೇ ಹೀಗಂದ್ರೆ ನಮ್ಮ ವೈದ್ಯವನ್ನು ನಂಬುವವರು ಯಾರು?

ಹಾವೇರಿ ಮೆಡಿಕಲ್

ಅಣ್ಣಾರೆ, ನಿದ್ದೆ ಗುಳಿಗೆ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ನಿಜ. ಆಲ್ಪ್ರಜೋಲಾಂ 2014ರಿಂದ ಎಚ್1 ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಯಾರಿಗೆ ಎಷ್ಟು ಕೊಟ್ಟೆ ಅಂತ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಆದರೂ ಹಳೇ ಚೀಟಿ ತೋರಿಸಿ "ಒಂದು ಸ್ಟ್ರಿಪ್ ಕೊಡ್ರೀ" ಅಂತ ದಿನಾ ಜನ ಬರುತ್ತಾರೆ. ನಾನು ಕೊಡುವುದಿಲ್ಲ, ಜಗಳ ಆಗುತ್ತದೆ. ನಿಮ್ಮ ಮನೆಯವರು ಬಿಡಬೇಕು ಅಂದ್ರೆ ಒಮ್ಮೆಲೇ ಬಿಡಿಸಬೇಡಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಬೇಕು, ಅದನ್ನು ಡಾಕ್ಟರೇ ಬರೆದುಕೊಡಬೇಕು.

ಗದಗ ವೈದ್ಯೆ

ನನಗೆ ನನ್ನ ವೈದ್ಯದ ಮೇಲೆ ನಂಬಿಕೆ ಇರುವುದಕ್ಕೇ ಅಳತೆ, ಅನುಪಾನ ಅಂದ್ರೆ ಯಾವುದರ ಜೊತೆ ಕೊಡಬೇಕು, ಯಾರಿಗೆ ಬೇಡ ಅಂತ ಇಷ್ಟು ಹೇಳುತ್ತಿದ್ದೇನೆ ಅಣ್ಣಾರೆ. ಗುಣ ಇರುವ ಔಷಧಿಗೇ ದೋಷವೂ ಇರುತ್ತದೆ. ಹಿರಿಯರು ತಗೊಂಡಾಗ ಬಿಪಿ ಗುಳಿಗೆ, ಶುಗರ್ ಗುಳಿಗೆ ಜೊತೆಯಲ್ಲಿ ಇರಲಿಲ್ಲ. ಪುಡಿಯನ್ನು ಊರಿನ ವೈದ್ಯರೇ ಕಣ್ಣೆದುರು ಕುಟ್ಟಿ ಕೊಡುತ್ತಿದ್ದರು, ಏನಾದರೂ ಆದರೆ ನಾಳೆ ಅವರ ಮನೆ ಬಾಗಿಲಿಗೇ ಹೋಗಿ ಕೇಳಬಹುದಿತ್ತು. ಸಂತೆಯಲ್ಲಿ ಮಾರಿದವನು ಮುಂದಿನ ವಾರ ಯಾವ ಊರಲ್ಲಿ ಇರುತ್ತಾನೋ.

ಮಾಳಮಡ್ಡಿ ಅಜ್ಜಿ

ನನ್ನ ಎಣ್ಣೆ, ಹಾಲು ಆದರೂ ಉಳಿಯಿತಾ ಡಾಕ್ಟರವ್ವಾ?

ಗದಗ ವೈದ್ಯೆ

ಧಾರಾಳವಾಗಿ ಅಜ್ಜಿ. ನಿದ್ದೆ ತರಿಸುವುದರಲ್ಲಿ ಎಮ್ಮೆ ಹಾಲು ಎಲ್ಲಕ್ಕಿಂತ ಮೇಲು ಅಂತ ಚರಕದಲ್ಲೇ ಇದೆ. ಧಾರವಾಡದಲ್ಲಿ ಇದ್ದುಕೊಂಡು ಎಮ್ಮೆ ಹಾಲಿಗೆ ಬರ ಇಲ್ಲ. ಶುಗರ್ ಇದ್ದವರು ಕೆನೆ ತೆಗೆದು ಅರ್ಧ ಲೋಟ ಸಾಕು, ಅದೂ ಮಲಗುವ ಒಂದು ಗಂಟೆ ಮೊದಲು, ಇಲ್ಲದಿದ್ದರೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ.

ಕಾಲು ಬೆಚ್ಚಗಾದರೆ ನಿದ್ದೆ ಬೇಗ ಬರುವುದಕ್ಕೆ ಕಾರಣವೂ ಇದೆ. ಕೈಕಾಲಿನ ರಕ್ತನಾಳ ಅಗಲವಾಗಿ ಮೈಯೊಳಗಿನ ಬಿಸಿ ಹೊರಗೆ ಹೋಗುತ್ತದೆ, ಒಳಮೈ ತಣ್ಣಗಾಗುತ್ತದೆ, ಆ ತಣ್ಣಗಾಗುವುದೇ ನಿದ್ದೆಗೆ ಸೂಚನೆ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಜಳಕ ಮಾಡಿದರೂ ಇದೇ ಆಗುತ್ತದೆ. ಆದರೆ ಶುಗರ್‌ನಿಂದ ಕಾಲು ಜೋಮು ಹಿಡಿದವರು ಬಿಸಿನೀರಲ್ಲಿ ಕಾಲು ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಅಂಥವರಿಗೆ ನಿಮ್ಮ ಉಗುರುಬೆಚ್ಚಗಿನ ಎಣ್ಣೆಯೇ ಒಳ್ಳೆಯದು, ಜೊತೆಗೆ ಅಂಗಾಲಲ್ಲಿ ಗಾಯ ಇದೆಯಾ ಅಂತಲೂ ನೋಡಿದ ಹಾಗಾಗುತ್ತದೆ.

ಸಪ್ತಾಪುರದ ಹುಡುಗ

ಚಹಾ ಮಧ್ಯಾಹ್ನಕ್ಕೆ ನಿಲ್ಲಿಸಿದ್ದೇನೆ. ಮೊದಲ ಕೆಲವು ದಿನ ತಲೆ ಸಿಡಿಯಿತು, ಈಗ ಇಲ್ಲ. 12:30ಕ್ಕೆ ಮಲಗಿದರೆ ನಿದ್ದೆ ಹತ್ತುತ್ತಿದೆ. ಮೊಬೈಲ್ ಚಾರ್ಜಿಗೆ ಹಾಕುವ ಜಾಗ ಬಾಗಿಲ ಹತ್ತಿರ ಇಟ್ಟುಕೊಂಡಿದ್ದೇನೆ, ಹಾಸಿಗೆಯಿಂದ ಕೈಗೆ ಸಿಗಲ್ಲ.

ಬೆಟಗೇರಿ ಮಗಳು

ಪುಡಿ ಪಾಕೀಟು ಹಿಡಿದು ಬಿಪಿ ಡಾಕ್ಟರ ಹತ್ತಿರ ಹೋಗಿ ಬಂದೆವು. ನಿಲ್ಲಿಸಿ ಅಂದರು, ಯಾವಾಗಲೋ ಒಮ್ಮೆ ತಗೊಂಡಿದ್ದರಿಂದ ತೊಂದರೆ ಆಗಲಿಕ್ಕಿಲ್ಲ ಅಂದರು. ನೀರಿನ ಗುಳಿಗೆ ಬೆಳಗ್ಗೆಗೆ ಬದಲಿಸಿದ್ದಾರೆ. ರಾತ್ರಿ ಎರಡು ಮೂರು ಸಲ ಏಳುತ್ತಿದ್ದವರು ಈಗ ಒಮ್ಮೆ ಏಳುತ್ತಾರೆ. ಗೊರಕೆ ನಾನೇ ಕೇಳಿಸಿಕೊಂಡೆ, ಉಸಿರು ನಿಲ್ಲುವುದಿಲ್ಲ. ಮಲಗುವುದು ಈಗ 10 ಗಂಟೆಗೆ ಬಂದಿದೆ. ಆ ಒಂದು ಗಂಟೆ ತುಂಬಿಸುವುದೇ ಕಷ್ಟ ಇತ್ತು, ಓಣಿಯ ಎಸ್ಸೆಸ್ಸೆಲ್ಸಿ ಹುಡುಗರಿಗೆ ಸಂಜೆ 7:30ರಿಂದ ವ್ಯಾಕರಣ ಹೇಳಿಕೊಡಿ ಅಂತ ಪಕ್ಕದ ಮನೆಯ ಕಾಕಾನ ಕಡೆಯಿಂದ ಹೇಳಿಸಿದೆ. ಒಪ್ಪಿದ್ದಾರೆ. ಇನ್ನೂ ಬೆಳಗಿನ ಜಾವ 4ಕ್ಕೆ ಎಚ್ಚರ ಆಗುತ್ತದೆ, ಪೂರ್ತಿ ಸರಿ ಹೋಗಿಲ್ಲ. 14416ಕ್ಕೆ ಅವರು ಮಾತಾಡಲು ಇನ್ನೂ ಒಪ್ಪುತ್ತಿಲ್ಲ, ನಾನೇ ಮಾತಾಡಿದೆ, ಹೇಗೆ ಶುರು ಮಾಡಬೇಕು ಅಂತ ಹೇಳಿಕೊಟ್ಟರು. ಅಶ್ವಗಂಧ ಸದ್ಯಕ್ಕೆ ಶುರು ಮಾಡಿಲ್ಲ.

ರೈಲ್ವೆ ಅಣ್ಣ

ಬಹಳ ಸಂತೋಷ ಆಯ್ತು ತಂಗಿ. ಇನ್ನೊಂದು ಸಣ್ಣ ಪ್ರಶ್ನೆ, ಗಸಗಸೆ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತಮ್ಮ ದುಬೈಯಲ್ಲಿದ್ದಾನೆ, ಅವನಿಗೂ ನಿದ್ದೆ ಇಲ್ಲ. ಅವ್ವ ಗಸಗಸೆ ಪಾಯಸ ಮಾಡಿಕೋ ಅಂತ ಅರ್ಧ ಕೆಜಿ ಗಸಗಸೆ ಕಟ್ಟಿ ಇಟ್ಟಿದ್ದಾಳೆ, ಮುಂದಿನ ವಾರ ಊರಿನವರೊಬ್ಬರು ಹೋಗುತ್ತಿದ್ದಾರೆ.

ಹಾವೇರಿ ಮೆಡಿಕಲ್

ಕಳಿಸಬೇಡಿ ಅಣ್ಣಾರೆ, ದಯವಿಟ್ಟು ಇವತ್ತೇ ಅವ್ವನಿಗೆ ಹೇಳಿ. ದುಬೈಯಲ್ಲಿ ಗಸಗಸೆ ನಿಷೇಧ, ಅಫೀಮಿನ ಗಿಡದ ಬೀಜ ಅಂತ. ಸಾಮಾನಿನಲ್ಲಿ ಸಿಕ್ಕರೆ ಒಯ್ದವರೇ ಜೈಲು ಸೇರಬೇಕಾಗಬಹುದು, ಗೊತ್ತಿರಲಿಲ್ಲ ಅಂದ್ರೆ ಕೇಳುವುದಿಲ್ಲ. ಸೌದಿಯಲ್ಲೂ ಹಾಗೇ. ಮಸಾಲೆ ಪುಡಿಯಲ್ಲಿ, ಲಾಡುವಿನ ಮೇಲೆ ಉದುರಿಸಿದ್ದು ಕೂಡ ಬೇಡ. ನಮ್ಮಲ್ಲಿ ಅಡುಗೆಗೆ ಬಳಸುವುದಕ್ಕೆ ತೊಂದರೆ ಇಲ್ಲ, ಬೀಜದಲ್ಲಿ ಅಫೀಮಿನ ಅಂಶ ಬಹಳ ಕಮ್ಮಿ, ತೊಳೆದು ಹುರಿದರೆ ಇನ್ನೂ ಕಮ್ಮಿ. ಪಾಯಸ ಕುಡಿದ ಮೇಲೆ ಬರುವ ತೂಕಡಿಕೆಗೆ ಬೆಲ್ಲ, ತೆಂಗಿನಕಾಯಿ, ಹೊಟ್ಟೆ ತುಂಬಿದ್ದೂ ಕಾರಣ. ತಮ್ಮನಿಗೆ ಅದರ ಬದಲು ಶೇಂಗಾ ಹೋಳಿಗೆ ಕಳಿಸಿ, ಮೇಲೆ ಗಸಗಸೆ ಹಾಕದಂತೆ ನೋಡಿಕೊಳ್ಳಿ.